ವಾರ್ ಥಂಡರ್: ಟಂಗ್‌ಸ್ಟನ್ ಗುಂಡಿನ ಲೆಕ್ಕ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಎರಡು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ), ಒಂದು ಹಳೇ ಲೇತ್. ದಿನವಿಡೀ ಕೈಯಲ್ಲಿ ಓಡಾಡುವುದು ಕಾರ್ಬೈಡ್ ಇನ್ಸರ್ಟ್, ಅಂದರೆ ಟೂಲಿನ ತುದಿಗೆ ಸಿಕ್ಕಿಸುವ, ಲೋಹ ಕತ್ತರಿಸುವ ಬಿಲ್ಲೆ. ಹೆಬ್ಬೆರಳ ಉಗುರಿನಷ್ಟು ಅಗಲ, ಆದರೆ ಅಂಗೈಯಲ್ಲಿಟ್ಟರೆ ಆ ಗಾತ್ರಕ್ಕೆ ಮೀರಿದ ತೂಕ. ಟಂಗ್‌ಸ್ಟನ್ ಕಾರ್ಬೈಡ್ ಉಕ್ಕಿನ ಸುಮಾರು ಎರಡರಷ್ಟು ಭಾರ. ಕಟಿಂಗ್ ನಡೆಯುವಾಗ ಕಾದರೂ ಅದರ ಅಂಚು ಸುಲಭಕ್ಕೆ ಮೆತ್ತಗಾಗುವುದಿಲ್ಲ. ಆದರೆ ರಿಪೇರಿಗೆ ಬಂದ ಹಳೇ ಶಾಫ್ಟ್ ಕಟ್ಟಿ ಟರ್ನಿಂಗ್ ಶುರು ಮಾಡಿ ನೋಡಿ. ಅದರಲ್ಲಿ ಮೊದಲೇ ಕೊರೆದ ಕೀವೇ (ಉದ್ದಕ್ಕೆ ಕೊರೆದ ಗಾಡಿ) ಇದ್ದರೆ, ಪ್ರತಿ ಸುತ್ತಿಗೂ ಕೀವೇ ಅಂಚು ಬಂದು ಟಕ್ ಟಕ್ ಎಂದು ಬಡಿಯುತ್ತದೆ. ಐದು ನಿಮಿಷದಲ್ಲಿ ಇನ್ಸರ್ಟಿನ ಮೂಲೆ ಚಕ್ಕೆ ಎದ್ದು ಹೋಗಿರುತ್ತದೆ. ನೇರ ಒತ್ತಿದರೆ ಎಷ್ಟು ಬೇಕಾದರೂ ತಡೆದುಕೊಳ್ಳುತ್ತದೆ, ಅಡ್ಡ ಪೆಟ್ಟು ಬಿದ್ದರೆ ಗಾಜಿನ ಹಾಗೆ ಸಿಡಿಯುತ್ತದೆ.

ಇದೇ ವಸ್ತುವನ್ನು ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಗುಂಡಿನ ಹೊಟ್ಟೆಯೊಳಗೆ ಇಟ್ಟು ಹಾರಿಸಿದರು. ಐದು ವರ್ಷದಿಂದ ರಾತ್ರಿ ಊಟ ಆದಮೇಲೆ ಒಂದೆರಡು ಗಂಟೆ ವಾರ್ ಥಂಡರ್ ಆಡುವ ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಟ್ಯಾಂಕ್ ಅಲ್ಲ, ಅದರೊಳಗೆ ತುಂಬುವ ಗುಂಡು. ಹಾಗಾಗಿ ಗ್ರಾಫಿಕ್ಸ್, ಸೌಂಡು, ಮ್ಯಾಪುಗಳ ಮಾತು ಇಲ್ಲಿ ಹೆಚ್ಚು ಇರುವುದಿಲ್ಲ. ಅವೆಲ್ಲ ಚೆನ್ನಾಗಿವೆ. ನಾನು ಬರೆಯಹೊರಟಿರುವುದು ಗುಂಡಿನ ಬಗ್ಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗೈಜಿನ್ ಕಂಪನಿಯ ಈ ಆಟ 2012ರಲ್ಲಿ ಬರೀ ವಿಮಾನಗಳೊಂದಿಗೆ ಬಂತು, ಟ್ಯಾಂಕುಗಳು 2014ರಲ್ಲಿ ಸೇರಿದವು. ದುಡ್ಡು ಕೊಡದೆ ಆಡಬಹುದು. ಟ್ಯಾಂಕಿಗೆ ಇಷ್ಟು ಪಾಯಿಂಟ್ ಜೀವ ಎಂಬ ಲೆಕ್ಕ ಇಲ್ಲಿಲ್ಲ. ಗುಂಡು ಎಲ್ಲಿ ಬಿತ್ತು, ತಗಡು (ಟ್ಯಾಂಕಿನ ಉಕ್ಕಿನ ಹೊದಿಕೆ) ಅಲ್ಲಿ ಎಷ್ಟು ದಪ್ಪ, ಎಷ್ಟು ಓರೆ, ಒಳಗೆ ಹೋದಮೇಲೆ ಯಾರಿಗೆ ತಾಗಿತು, ಯಾವ ಭಾಗ ಮುರಿಯಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಹೊಡೆದ ತಕ್ಷಣ ಎಕ್ಸ್‌ರೇ ತೆಗೆದ ಹಾಗೆ ಗುಂಡಿನ ದಾರಿಯನ್ನು ನಿಧಾನವಾಗಿ ತೋರಿಸುತ್ತಾರೆ. ಆ ಕೆಲವು ಸೆಕೆಂಡುಗಳಿಗಾಗಿಯೇ ನಾನು ಈ ಆಟಕ್ಕೆ ಅಂಟಿಕೊಂಡಿದ್ದೇನೆ. ತಪ್ಪು ಎಲ್ಲಿ ಆಯಿತೆಂದು ಒಡೆದ ಜಾಬನ್ನು ತಿರುಗಿಸಿ ತಿರುಗಿಸಿ ನೋಡುವ ಅಭ್ಯಾಸ ಇರುವವನಿಗೆ ಇದಕ್ಕಿಂತ ಒಳ್ಳೆಯ ಆಟ ಸಿಗುವುದಿಲ್ಲ.

ಮೊದಲು ತಗಡು ತೂರುವ ಭಾಗ. ಇದಕ್ಕೆ ನನ್ನ ಪೂರ್ತಿ ಮೆಚ್ಚುಗೆ. ಒಂದೊಂದು ದೇಶ ಆಗ ತನ್ನ ಗುಂಡನ್ನು ತನ್ನದೇ ರೀತಿಯಲ್ಲಿ ಪರೀಕ್ಷಿಸಿತ್ತು. ಹೊಡೆದದ್ದರಲ್ಲಿ ಅರ್ಧ ತೂರಿದರೆ ಸಾಕು ಎಂದು ಒಬ್ಬರು, ಅದಕ್ಕಿಂತ ಹೆಚ್ಚು ತೂರಬೇಕು ಎಂದು ಇನ್ನೊಬ್ಬರು. ಪರೀಕ್ಷೆಗೆ ನಿಲ್ಲಿಸಿದ ತಗಡಿನ ಗುಣವೂ ಬೇರೆ ಬೇರೆ. ಆ ಅಂಕಿಗಳನ್ನು ಹಾಗೇ ಅಕ್ಕಪಕ್ಕ ಇಟ್ಟರೆ ಒಬ್ಬರಿಗೆ ಅನ್ಯಾಯ ಆಗೇ ಆಗುತ್ತದೆ. ಅದಕ್ಕೆ ಆಟದವರು ಡಿ ಮಾರ್ ಎಂಬ ಫ್ರೆಂಚ್ ಅಧಿಕಾರಿಯ ಹೆಸರಿನ ಹಳೆಯ ಸೂತ್ರವನ್ನು ಹಿಡಿದಿದ್ದಾರೆ. ಗುಂಡಿನ ತೂಕ, ವ್ಯಾಸ, ವೇಗ ಕೊಟ್ಟರೆ ಎಷ್ಟು ಮಿ.ಮೀ. ತೂರುತ್ತದೆ ಎಂದು ಅದು ಹೇಳುತ್ತದೆ. ಜರ್ಮನ್ ಟೈಗರ್ ಟ್ಯಾಂಕಿನ 88 ಮಿ.ಮೀ. ಗುಂಡು 10.2 ಕೆಜಿ, ಸೆಕೆಂಡಿಗೆ 773 ಮೀಟರ್ ವೇಗ. ಸೋವಿಯತ್ ಐಎಸ್-2 ಟ್ಯಾಂಕಿನ 122 ಮಿ.ಮೀ. ಗುಂಡು 25 ಕೆಜಿ. ಎಲ್ಲರಿಗೂ ಒಂದೇ ತಕ್ಕಡಿ. ಇದು ಬ್ಯಾಲೆನ್ಸೂ ಹೌದು, ಪ್ರಾಮಾಣಿಕತೆಯೂ ಹೌದು.

ಆದರೆ ಈ ತಕ್ಕಡಿಯಲ್ಲಿ ತೂಗದ ಒಂದು ವಿಷಯ ಇದೆ, ಅದು ಹೀಟ್ ಟ್ರೀಟ್‌ಮೆಂಟ್, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಹದ ಮಾಡುವುದು. 1941ರಲ್ಲಿ ಸೋವಿಯತ್ತರ 45 ಮಿ.ಮೀ. ಗುಂಡುಗಳಲ್ಲಿ ಒಂದಷ್ಟು ಹದ ಮೀರಿ ಗಟ್ಟಿಯಾಗಿ, ಜರ್ಮನ್ ತಗಡಿಗೆ ಬಡಿದು ತೂರುವ ಬದಲು ಒಡೆದುಹೋಗುತ್ತಿದ್ದವು. ಡ್ರಾಯಿಂಗ್ ಸರಿ, ತೂಕ ಸರಿ, ಅಳತೆ ಸರಿ, ಕುಲುಮೆ ತಪ್ಪು. ಹದಿನೈದು ವರ್ಷದಲ್ಲಿ ಇಂಥ ಬ್ಯಾಚುಗಳನ್ನು ನಾನೂ ನೋಡಿದ್ದೇನೆ. ಹೊರಗೆ ಕೊಟ್ಟು ಹಾರ್ಡನಿಂಗ್ ಮಾಡಿಸಿದ ನಲವತ್ತು ಪಿನ್ನುಗಳಲ್ಲಿ ಮೊದಲನೆಯದನ್ನು ಪ್ರೆಸ್‌ಗೆ ಹಾಕಿದಾಗ ಚಟ್ ಎಂದ ಸದ್ದು ಇನ್ನೂ ಕಿವಿಯಲ್ಲಿದೆ. ಕೆಟ್ಟ ಬ್ಯಾಚಿನ ಗುಂಡನ್ನು ಆಟಗಾರನ ತಲೆಗೆ ಕಟ್ಟಿ ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ಆಟ ಲಾಟರಿ ಆಗುತ್ತದೆ. ಇಂಥ ಕಡೆ ಇತಿಹಾಸ ಬಿಟ್ಟಿದ್ದು ಸರಿ.

ಇನ್ನು ತಗಡು ತೂರಿದ ಮೇಲಿನ ಕಥೆ. ನನ್ನ ಜಗಳ ಶುರುವಾಗುವುದು ಇಲ್ಲಿಂದ.

ಜರ್ಮನ್ನರ, ಸೋವಿಯತ್ತರ ಗುಂಡುಗಳ ಹಿಂಭಾಗದಲ್ಲಿ ಸ್ವಲ್ಪ ಸಿಡಿಮದ್ದು ಇರುತ್ತಿತ್ತು. ತಗಡು ದಾಟಿದ ಮೇಲೆ ಸಿಡಿಯಲಿ ಎಂದು. ಬ್ರಿಟಿಷರು ಅದನ್ನು ಬೇಡವೆಂದು ಬಿಟ್ಟು ಇಡೀ ಉಕ್ಕಿನ ಗಟ್ಟಿ ಗುಂಡನ್ನೇ ಹಾರಿಸಿದರು. ಟೈಗರ್‌ನ 10.2 ಕೆಜಿ ಗುಂಡಿನಲ್ಲಿ ಮದ್ದು ಸುಮಾರು 60 ಗ್ರಾಂ, ಒಂದು ಕೋಳಿಮೊಟ್ಟೆಯ ತೂಕ. ಅದು ಸಿಡಿದಾಗ ಗುಂಡು ಇನ್ನೂ ಮುಂದಕ್ಕೆ ಧಾವಿಸುತ್ತಲೇ ಇರುತ್ತದೆ. ಓಡುವ ಬಸ್ಸಿನಿಂದ ಚೆಲ್ಲಿದ ಕಡಲೆಕಾಯಿ ಬಸ್ಸು ಹೋದ ದಿಕ್ಕಿಗೇ ಉರುಳುವ ಹಾಗೆ, ಚೂರುಗಳು ಬಹುಪಾಲು ಮುಂದಕ್ಕೆ, ಲಾಳಿಕೆಯ ಆಕಾರದಲ್ಲಿ ಹರಡಬೇಕು. ಆಟದಲ್ಲಿ ಮಾತ್ರ ಅವು ಚೆಂಡಿನಂತೆ ಎಲ್ಲ ದಿಕ್ಕಿಗೂ ಹರಡುತ್ತವೆ. ಗುಂಡು ಬಂದ ಕಡೆಗೂ, ತಲೆಯ ಮೇಲಕ್ಕೂ, ಕಾಲ ಕೆಳಕ್ಕೂ. ಹಾಗಾಗಿ ಕಮಾಂಡರ್ ಕೂರುವ ಆ ಪುಟ್ಟ ಗೋಪುರದ ತುದಿಗೆ ತಾಗಿದರೂ ಕೆಳಗೆ ಕೂತ ಡ್ರೈವರ್‌ವರೆಗೆ ಎಲ್ಲರೂ ಒಂದೇ ಏಟಿಗೆ ಹೋಗುತ್ತಾರೆ.

ಹೋದ ವಾರದ ಒಂದು ಪಂದ್ಯ ಹೇಳುತ್ತೇನೆ. ನಾನು ಬ್ರಿಟಿಷರ ಕ್ರಾಮ್ವೆಲ್ ಟ್ಯಾಂಕಿನಲ್ಲಿದ್ದೆ. ಹಳ್ಳಿಯ ಚರ್ಚಿನ ಹಿಂದಿನಿಂದ ಸುತ್ತಿ ಬಂದು ಜರ್ಮನ್ ಪ್ಯಾಂಥರ್ ಟ್ಯಾಂಕಿನ ಪಕ್ಕೆಗೆ ಎಂಬತ್ತು ಮೀಟರ್‌ನಿಂದ ಹೊಡೆದೆ. ಎಕ್ಸ್‌ರೇಯಲ್ಲಿ ನೋಡಿದರೆ ಗಟ್ಟಿ ಗುಂಡು ಟರೆಟ್ಟಿನ (ತೋಪು ಹೊತ್ತು ತಿರುಗುವ ಮೇಲ್ಭಾಗ) ಈ ಕಡೆಯಿಂದ ಹೊಕ್ಕು ಗನ್ನರ್‌ನನ್ನು ಕೆಡವಿ, ಲೋಡರ್‌ನ ಪಕ್ಕದಲ್ಲೇ ಸಾಗಿ ಎದುರು ಗೋಡೆಗೆ ತಾಗಿ ನಿಂತಿತು. ಗುಂಡಿನ ದಾರಿಯಲ್ಲಿ ಕೂತವನು ಸತ್ತ, ಅದರ ಪಕ್ಕ ಕೂತವನಿಗೆ ಗೀರೂ ಇಲ್ಲ. ಕಮಾಂಡರ್ ಗನ್ನರ್ ಜಾಗಕ್ಕೆ ಬಂದು ಕೂತ, ಟರೆಟ್ ತಿರುಗಿಸಿದ, ಒಂದೇ ಏಟಿಗೆ ನನ್ನ ಐವರೂ ಹೋದರು. ನಾನು ಸೋತದ್ದಕ್ಕೆ ಬೇಜಾರಿಲ್ಲ, ಎರಡನೇ ಗುಂಡು ತುಂಬುವಾಗ ಹಿಂದೆ ಸರಿಯಬೇಕಿತ್ತು. ಬೇಜಾರು ಇರುವುದು ಲೆಕ್ಕದ ಮೇಲೆ. ಆ ಕೋಳಿಮೊಟ್ಟೆಯಷ್ಟು ಮದ್ದು ಅಷ್ಟೊಂದು ದೊಡ್ಡ ವ್ಯತ್ಯಾಸ ಮಾಡಿದ್ದರೆ, ಐದಾರು ವರ್ಷ ಯುದ್ಧ ಮಾಡಿದ ಬ್ರಿಟಿಷರು ಗಟ್ಟಿ ಗುಂಡಿಗೇ ಅಂಟಿಕೊಂಡು ಕೂರುತ್ತಿರಲಿಲ್ಲ.

ಈಗ ಕಾರ್ಬೈಡಿಗೆ ಬರುತ್ತೇನೆ.

ಯುದ್ಧದ ಕಾಲದ ಟಂಗ್‌ಸ್ಟನ್ ಗುಂಡು ಎರಡು ಬಗೆ. ಒಂದರಲ್ಲಿ ಕಾರ್ಬೈಡ್ ತಿರುಳಿನ ಸುತ್ತ ಹಗುರ ಲೋಹದ ಮೈ, ಎರಡೂ ಒಟ್ಟಿಗೆ ಹೋಗಿ ಬಡಿಯುತ್ತವೆ. ಜರ್ಮನ್ನರ ಪಿಜೆಡ್‌ಜಿಆರ್ 40, ಅಮೆರಿಕನ್ನರ ಎಂ93 ಇಂಥವು. ಇನ್ನೊಂದು ಬ್ರಿಟಿಷರು 1944ರಲ್ಲಿ ತಂದ ಸೇಬೋ ಗುಂಡು. ಬ್ಯಾರೆಲ್ ದಾಟಿದ ತಕ್ಷಣ ಹೊರಮೈ ಕಳಚಿ ಬಿದ್ದು ತಿರುಳು ಮಾತ್ರ ಮುಂದೆ ಹೋಗುತ್ತದೆ. 17-ಪೌಂಡರ್ ತೋಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್. ಆಟದಲ್ಲಿ ಈ ಗುಂಡುಗಳು ಓರೆ ತಗಡಿನ ಮೇಲೆ ತಿಣುಕುತ್ತವೆ. ಕೀವೇ ಶಾಫ್ಟಿನಲ್ಲಿ ಇನ್ಸರ್ಟ್ ಏಕೆ ಒಡೆಯುತ್ತದೋ ಅದೇ ಕಾರಣಕ್ಕೆ ಇದನ್ನು ನಾನು ಒಪ್ಪುತ್ತೇನೆ. ಆದರೆ ನೇರ ತಗಡು ತೂರಿ ಒಳಗೆ ಹೋದಮೇಲೆ, ನಾನು ಆಡಿದ ಪಂದ್ಯಗಳಲ್ಲಿ ಕಂಡಂತೆ, ತಿರುಳು ಸೂಜಿಯ ಹಾಗೆ ಒಂದು ಸಣ್ಣ ಗೆರೆ ಎಳೆದು ಸುಮ್ಮನಾಗುತ್ತದೆ. ಚೂರುಗಳು ಬೆರಳೆಣಿಕೆ.

ನನ್ನ ಸಿಎನ್‌ಸಿ ಬಾಗಿಲಿನ ಪಾಲಿಕಾರ್ಬೊನೇಟ್ ಕಿಟಕಿಯಲ್ಲಿ ಮೂರು ಗಾಯಗಳಿವೆ. ಒಂದು ದಿನ ವೇಗದ ಕಟ್‌ನಲ್ಲಿ ಇನ್ಸರ್ಟ್ ಸಿಡಿದು ಅದರ ಚೂರುಗಳು ಹೋಗಿ ಚುಚ್ಚಿಕೊಂಡವು. ಒಂದು ಚೂರನ್ನು ಇಕ್ಕಳದಲ್ಲಿ ಕೀಳಲು ಹೋದರೆ ಬರಲಿಲ್ಲ, ಇವತ್ತಿಗೂ ಅಲ್ಲೇ ಇದೆ, ಅಕ್ಕಿಕಾಳಿನಷ್ಟು, ಬೂದು ಬಣ್ಣ. ಉಗುರಗಲದ ಇನ್ಸರ್ಟಿನ ಕಥೆ ಇದು. ಮುಷ್ಟಿಗೆ ಸಿಗುವಷ್ಟು ದೊಡ್ಡ ಕಾರ್ಬೈಡ್ ತಿರುಳು ಹತ್ತು ಸೆಂ.ಮೀ. ಉಕ್ಕನ್ನು ಸೀಳಿಕೊಂಡು ಆಚೆ ಬಂದಾಗ, ಮೈಮೇಲಿನ ಅಷ್ಟೂ ಒತ್ತಡ ಒಮ್ಮೆಗೇ ಬಿಟ್ಟು ಅದೂ ಹಾಗೇ ಒಡೆಯುತ್ತದೆ. ಕಾದ ಚೂರುಗಳು ಒಳಗೆಲ್ಲ ಹಾರುತ್ತವೆ. ಮದ್ದಿನ ಗುಂಡಿಗೆ ಇಲ್ಲದ ಕೋಪವನ್ನು ಕೊಟ್ಟು, ಕಾರ್ಬೈಡಿಗೆ ಇದ್ದ ಕೋಪವನ್ನು ಕಿತ್ತುಕೊಂಡಿರುವುದು ನನ್ನ ಮುಖ್ಯ ತಕರಾರು.

ಹೀಗೇಕೆ ಮಾಡಿದ್ದಾರೆ ಎಂಬುದು ಊಹಿಸಲು ಕಷ್ಟವಿಲ್ಲ. ಆಟದಲ್ಲಿ ಟಂಗ್‌ಸ್ಟನ್ ಗುಂಡನ್ನು ಟ್ಯಾಂಕು ತುಂಬ ತುಂಬಿಕೊಳ್ಳಬಹುದು. ಆಟದ ದುಡ್ಡು ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಅಷ್ಟೇ. ಹೆಚ್ಚು ತೂರುವ ಗುಂಡು, ಜೊತೆಗೆ ಹೆಚ್ಚು ಕೊಲ್ಲುವ ಗುಂಡು, ಅದೂ ಬೇಕಾದಷ್ಟು ಎಂದರೆ ಬೇರೆ ಗುಂಡನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಅದರ ಹಲ್ಲು ಕಿತ್ತಿದ್ದಾರೆ.

ಆದರೆ ಯುದ್ಧದಲ್ಲಿ ಈ ಗುಂಡನ್ನು ತಡೆದು ನಿಲ್ಲಿಸಿದ್ದು ಕೊರತೆ. ಜರ್ಮನಿಗೆ ಟಂಗ್‌ಸ್ಟನ್ ಅದಿರು ಬರುತ್ತಿದ್ದದ್ದು ಹೆಚ್ಚಾಗಿ ಪೋರ್ಚುಗಲ್, ಸ್ಪೇನ್‌ಗಳಿಂದ. 1944ರ ಜೂನ್‌ನಲ್ಲಿ ಪೋರ್ಚುಗಲ್ ಮಾರಾಟ ನಿಲ್ಲಿಸಿತು. ಅದಕ್ಕೂ ಮೊದಲೇ ಜರ್ಮನ್ನರು ಈ ಗುಂಡಿನ ಉತ್ಪಾದನೆ ಇಳಿಸಿ, ಇದ್ದ ಟಂಗ್‌ಸ್ಟನ್ನನ್ನು ಕಾರ್ಖಾನೆಗಳ ಕಟಿಂಗ್ ಟೂಲ್‌ಗಳಿಗೆ ಎತ್ತಿಟ್ಟಿದ್ದರು. ಇದನ್ನು ಮೊದಲ ಸಲ ಓದಿದ ದಿನ ಶಾಪಿನಲ್ಲಿ ಸ್ವಲ್ಪ ಹೊತ್ತು ಕೆಲಸ ಬಿಟ್ಟು ಕೂತಿದ್ದೆ. ಹಾರಿಸಿದರೆ ಒಂದು ಟ್ಯಾಂಕ್ ಹೋಗುತ್ತದೆ, ಲೇತಿಗೆ ಹಾಕಿದರೆ ಎಷ್ಟೋ ಟ್ಯಾಂಕಿನ ಬಿಡಿಭಾಗ ತಯಾರಾಗುತ್ತದೆ. ನನ್ನಂಥ ಒಬ್ಬ ಟರ್ನರ್‌ನ ಕೈಯಲ್ಲಿದ್ದ ಟೂಲಿಗೂ ರಣರಂಗದ ತೋಪಿಗೂ ಒಂದೇ ಚೀಲದ ಅದಿರು ಹಂಚಿಕೆಯಾಗಬೇಕಿತ್ತು, ಟೂಲ್ ಗೆದ್ದಿತು.

ಶ್ರೀಮಂತ ಅಮೆರಿಕದಲ್ಲೂ ಕಥೆ ಬೇರೆಯಲ್ಲ. 76 ಮಿ.ಮೀ. ತೋಪಿನ ಟಂಗ್‌ಸ್ಟನ್ ಗುಂಡು 1944ರ ಕೊನೆಯ ಭಾಗದಲ್ಲಿ ಯುರೋಪ್ ಮುಟ್ಟಿತು. ಟ್ಯಾಂಕ್ ಬೇಟೆಗೆಂದೇ ಇದ್ದ ಗಾಡಿಗಳಿಗೆ ಮೊದಲ ಪಾಲು. 1945ರ ಮಾರ್ಚ್‌ವರೆಗೂ ಒಂದು ತೋಪಿಗೆ ತಿಂಗಳಿಗೆ ಎರಡು ರೌಂಡ್ ಕೂಡ ಸರಿಯಾಗಿ ಸಿಕ್ಕಿರಲಿಲ್ಲ. ಸೋವಿಯತ್ ಟಿ-34-85 ಟ್ಯಾಂಕಿನಲ್ಲಿ ಐವತ್ತು ಚಿಲ್ಲರೆ ಗುಂಡುಗಳಲ್ಲಿ ಟಂಗ್‌ಸ್ಟನ್ ನಾಲ್ಕೈದು. ಹೆಚ್ಚಿನವು ಸಿಡಿಯುವ ಸಾದಾ ಗುಂಡುಗಳು, ಏಕೆಂದರೆ ನಿಜವಾದ ಟ್ಯಾಂಕಿನ ಮುಂದೆ ಬಹುಪಾಲು ಬರುತ್ತಿದ್ದದ್ದು ಕಂದಕ, ಮೆಷಿನ್‌ಗನ್ ಗೂಡು, ಕಾಲಾಳು. ಬ್ರಿಟಿಷರ ಸೇಬೋಗೆ ಇನ್ನೊಂದು ಕಾಯಿಲೆ. ಹೊರಮೈ ಸಮನಾಗಿ ಕಳಚದೆ ಗುರಿ ತಪ್ಪುತ್ತಿತ್ತು. 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯ ಇಸಿನ್ಯಿಯಲ್ಲಿ ಅಮೆರಿಕನ್ನರು ಸಿಕ್ಕಿಬಿದ್ದ ಪ್ಯಾಂಥರ್‌ಗಳ ಮೇಲೆ ಹಾರಿಸಿ ನೋಡಿದಾಗ ಈ ದೋಷ ಸ್ಪಷ್ಟವಾಗಿ ಕಂಡಿತು.

ಆದ್ದರಿಂದ ನಾನು ಆಟದವರನ್ನು ಕೇಳುವುದು ಇಷ್ಟು. ಗುಂಡಿನ ಗುಣ ಮುಟ್ಟಬೇಡಿ, ಸಂಖ್ಯೆ ಕಟ್ಟಿಹಾಕಿ. ಟಿ-34-85ಕ್ಕೆ ಐದು, ಅಮೆರಿಕದ ಶರ್ಮನ್ ಟ್ಯಾಂಕಿಗೆ ಮೂರು, ಟ್ಯಾಂಕ್ ಬೇಟೆ ಗಾಡಿಗಳಿಗೆ ಸ್ವಲ್ಪ ಹೆಚ್ಚು. ಒಳಗೆ ಹೋದ ಕಾರ್ಬೈಡ್ ನಿಜವಾಗಿ ಒಡೆಯಲಿ. ಐದೇ ಇದೆ ಎಂದಾಗ ಆಟಗಾರ ಅದನ್ನು ಕಂಡಕಂಡಲ್ಲಿ ಹಾರಿಸುವುದಿಲ್ಲ. ಎದುರಿಗೆ ಟೈಗರ್ ಬರುವವರೆಗೆ ಕಾಯುತ್ತಾನೆ, ಬಂದಾಗ ಎದೆ ಬಡಿತ ಬೇರೆಯೇ ಇರುತ್ತದೆ. ಆ ಕಾಲದ ಗನ್ನರ್ ಅನುಭವಿಸಿದ್ದೂ ಅದನ್ನೇ.

ನನ್ನ ದೊಡ್ಡಪ್ಪ ಸೈನ್ಯದ ಆರ್ಮರ್ಡ್ ಕೋರ್‌ನಲ್ಲಿ ವಿಜಯಂತ ಟ್ಯಾಂಕಿನ ಲೋಡರ್ ಆಗಿದ್ದವರು. ಅಹಮದ್‌ನಗರದಲ್ಲಿ ಟ್ರೈನಿಂಗ್. ವಿಜಯಂತ ಎಂದರೆ ಬ್ರಿಟಿಷರ ವಿಕರ್ಸ್ ಟ್ಯಾಂಕನ್ನು ನಮ್ಮವರು ಆವಡಿಯಲ್ಲಿ ಕಟ್ಟಿದ್ದು, 105 ಮಿ.ಮೀ. ತೋಪು. ಆಟದಲ್ಲಿ ಆ ವಿಕರ್ಸ್ ಇದೆ. ಅರಸೀಕೆರೆಯಿಂದ ಅವರು ನಮ್ಮನೆಗೆ ಬಂದಾಗ ಒಂದು ರಾತ್ರಿ ಪಕ್ಕ ಕೂರಿಸಿಕೊಂಡು ಆಡಿದೆ. ಮೊದಮೊದಲು ಸುಮ್ಮನೆ ನೋಡುತ್ತಿದ್ದರು. ನಾನು ಸೇಬೋ ಬಿಟ್ಟು ಹೆಶ್ ಗುಂಡು ಹಾಕಿದಾಗ ಮುಂದಕ್ಕೆ ಬಗ್ಗಿದರು.

"ಅದು ಹೆಂಗ್ ಕೆಲ್ಸ ಮಾಡ್ತದೆ ಗೊತ್ತೇನೋ? ಅಕ್ಕಿರೊಟ್ಟಿ ತಟ್ಟಿದ ಹಂಗೆ ಕಣೋ. ತಗಡಿನ್ ಮೇಲೆ ಮದ್ದು ಹರಡ್ಕೊಂಡು ಆಮೇಲ್ ಸಿಡಿಯೋದು. ತೂತೇನೂ ಬೀಳಲ್ಲ, ಒಳಗಡೆ ಚಕ್ಕೆ ಕಿತ್ಕೊಂಡ್ ಹಾರ್ತದೆ."

"ಆಟದಲ್ಲೂ ಹಂಗೇ ಮಾಡಿದಾರೆ ದೊಡ್ಡಪ್ಪ. ಆದ್ರೆ ಚೈನ್ ಮೇಲೆ ಬಿದ್ರೆ, ಮುಂದೆ ಇನ್ನೊಂದು ತಗಡಿದ್ರೆ ಕೆಲ್ಸ ಮಾಡಲ್ಲ."

"ಸರಿಯಾಗೇ ಮಾಡವ್ರೆ ಬಿಡು."

ಕೈಗೆಟುಕುವಲ್ಲಿ ಇಟ್ಟ ಗುಂಡುಗಳು ಖಾಲಿಯಾಗಿ ಲೋಡಿಂಗ್ ನಿಧಾನ ಆದಾಗ ಅವರ ಮುಖ ಅರಳಿತು. ಒಂದೊಂದು ರೌಂಡ್ ಸುಮಾರು 20 ಕೆಜಿ. ಓಡುವ ಟ್ಯಾಂಕಿನಲ್ಲಿ ಬಗ್ಗಿ ಎತ್ತಿ, ಎದೆಯ ಮಟ್ಟಕ್ಕೆ ತಂದು, ಮುಷ್ಟಿ ಕಟ್ಟಿ ಒಳಗೆ ತಳ್ಳುವುದನ್ನು ಸೋಫಾ ಮೇಲೆ ಕೂತೇ ಮಾಡಿ ತೋರಿಸಿದರು. ಬೆರಳು ಬಿಚ್ಚಿ ತಳ್ಳಿದರೆ ಮುಚ್ಚುವ ಬ್ರೀಚ್ (ತೋಪಿನ ಹಿಂಬಾಗಿಲು) ಬೆರಳು ತೆಗೆದುಕೊಂಡು ಹೋಗುತ್ತದಂತೆ. ಎಪ್ಪತ್ತು ದಾಟಿದ ಮನುಷ್ಯ, ಕೈ ಇನ್ನೂ ಮುಷ್ಟಿಯಲ್ಲೇ ಹೋಯಿತು.

ಆಟ ಎಂದೂ ಹಿಡಿಯಲಾರದ ಒಂದು ವಿಷಯವನ್ನೂ ಹೇಳಬೇಕು, ಭಯ. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರಿಗೆ ಇಡಿಯಾಗಿ ಸಿಕ್ಕ ಟೈಗರ್ 131 ಇವತ್ತು ಬೋವಿಂಗ್‌ಟನ್ ಮ್ಯೂಸಿಯಂನಲ್ಲಿದೆ. ಚರ್ಚಿಲ್ ಟ್ಯಾಂಕಿನ 6-ಪೌಂಡರ್ ಗುಂಡು ಅದರ ತಗಡು ತೂರಲಿಲ್ಲ. ಬ್ಯಾರೆಲ್ ಕೆಳಗೆ ಸವರಿ ಟರೆಟ್ ತಿರುಗುವ ಬಳೆಗೆ ಸಿಕ್ಕಿಕೊಂಡಿತು. ಟರೆಟ್ ನಿಂತಿತು, ಸಿಬ್ಬಂದಿ ಇಳಿದು ಓಡಿದರು. ಆಟದಲ್ಲಿ ಬಳೆ ಸಿಕ್ಕಿಕೊಂಡರೆ ಅರ್ಧ ನಿಮಿಷ ಒಂದು ಬಟನ್ ಒತ್ತಿ ಹಿಡಿದರೆ ರಿಪೇರಿ. ಇದಕ್ಕೆ ನನ್ನ ತಕರಾರಿಲ್ಲ. ಇಳಿದು ಓಡುವ ಆಟವನ್ನು ಯಾರೂ ಆಡುವುದಿಲ್ಲ.

ವರ್ಲ್ಡ್ ಆಫ್ ಟ್ಯಾಂಕ್ಸ್ ಎಂಬ ಇನ್ನೊಂದು ಟ್ಯಾಂಕ್ ಆಟದ ಜೊತೆ ಹೋಲಿಸಿ ಎಂದು ಗೆಳೆಯರು ಕೇಳುತ್ತಾರೆ. ಅದು ಬೇರೆಯದೇ ಆಟ. ಜೀವದ ಪಾಯಿಂಟು, ಗುಂಡಿನ ಶಕ್ತಿ ಶೇ. 25ರಷ್ಟು ಮೇಲೆ ಕೆಳಗೆ ಆಗುವ ಅದೃಷ್ಟ. ಅಲ್ಲಿ ಹೆಚ್ಚು ತೂರುವ ಗುಂಡು ಮೊದಲು ನಿಜವಾದ ದುಡ್ಡಿನಿಂದ ಕೊಳ್ಳುವ ಚಿನ್ನಕ್ಕೆ ಮಾತ್ರ ಸಿಗುತ್ತಿತ್ತು, 2012ರಲ್ಲಿ ಆಟದ ಬೆಳ್ಳಿಗೂ ಸಿಗುವಂತಾಯಿತು. ಇತಿಹಾಸ ಹುಡುಕಿಕೊಂಡು ಅಲ್ಲಿಗೆ ಹೋಗಬೇಡಿ, ಮಜಕ್ಕೆ ಹೋಗಿ.

ಇವತ್ತಿನ ಕಾಲದ ಟ್ಯಾಂಕುಗಳ ಬಗ್ಗೆ ಒಂದೇ ಮಾತು. ಉದ್ದನೆಯ ಬಾಣದಂಥ ಈಗಿನ ಗುಂಡುಗಳಿಗೆ ಲಾಂಜ್-ಒಡರ್ಮಾಟ್ ಎಂಬ ಬೇರೆ ಸೂತ್ರ ಹಾಕುತ್ತಾರೆ. ಉದ್ದ, ದಪ್ಪ, ಲೋಹದ ಸಾಂದ್ರತೆ, ವೇಗ ಅದಕ್ಕೆ ಬೇಕು. ನಿಜವಾದ ಅಂಕಿಗಳು ಸೈನ್ಯಗಳ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿವೆ. 2022ರಲ್ಲಿ ಆಟಗಾರನೊಬ್ಬ ತನ್ನ ವಾದ ಗೆಲ್ಲಲು ಚೀನಾದ ಡಿಟಿಸಿ10-125 ಗುಂಡಿನ ದಾಖಲೆಯನ್ನೇ ಎಲ್ಲರೆದುರು ಹಾಕಿಬಿಟ್ಟ. ಆಟದವರು ಅದನ್ನು ಅಳಿಸಿದರು, ಇಂಥ ದಾಖಲೆ ಬಳಸುವುದಿಲ್ಲ ಎಂದರು. ಸರಿಯಾದ ನಿಲುವು. ಒಂದು ಆಟದ ಅಂಕಿಗಾಗಿ ಯಾವ ದೇಶದ ಸೈನಿಕನ ಜೀವವನ್ನೂ ಪಣಕ್ಕಿಡಬಾರದು. ನನಗಂತೂ 1960ರವರೆಗಿನ ಟ್ಯಾಂಕುಗಳೇ ಸಾಕು. ಅವುಗಳ ಕಾಗದ ಎಲ್ಲ ತೆರೆದಿದೆ, ವಾದ ಮಾಡಲು ಆಧಾರ ಇದೆ.

ಹೊಸದಾಗಿ ಶುರು ಮಾಡುವವರಿಗೆ: ಆರ್ಕೇಡ್ ಎಂಬ ಸುಲಭದ ಬಗೆಯಲ್ಲಿ ಒಂದು ವಾರ ಕೈ ಪಳಗಿಸಿಕೊಂಡು ರಿಯಲಿಸ್ಟಿಕ್ ಎಂಬ ಕಷ್ಟದ ಬಗೆಗೆ ಬನ್ನಿ, ಗುಂಡಿನ ಬೆಲೆ ಅಲ್ಲಿ ತಿಳಿಯುತ್ತದೆ. ಮೇಲಿನ ಹಂತಕ್ಕೆ ಏರಲು ತಿಂಗಳುಗಟ್ಟಲೆ ಬೇಕು. ದುಡ್ಡು ಸುರಿದು ಓಡಬೇಡಿ, ಓಡಿದರೆ ಕಲಿಯುವುದಿಲ್ಲ. ಗುಂಡು ಪೂರ್ತಿ ತುಂಬಬೇಡಿ, ಹದಿನೈದು ಇಪ್ಪತ್ತು ಸಾಕು, ಒಳಗೆ ಗುಂಡು ಕಡಿಮೆ ಇದ್ದಷ್ಟೂ ಸಿಡಿಯುವುದು ಕಡಿಮೆ. ಬ್ರಿಟಿಷ್ ಟ್ಯಾಂಕ್ ಆರಿಸಿದರೆ ಗೋಡೆಯಾಚೆ ಗನ್ನರ್ ಎಲ್ಲಿ ಕೂತಿರುತ್ತಾನೆ ಎಂಬುದನ್ನು ಒಂದೊಂದು ಶತ್ರು ಟ್ಯಾಂಕಿಗೂ ಬಾಯಿಪಾಠ ಮಾಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಕಾರ್ಬೈಡಿಗಾಗಿ ಎತ್ತಿಟ್ಟಿದ್ದೇನೆ. ಈಗ ನಾನೇ ಒಂದು ಕಟ್ಟಳೆ ಹಾಕಿಕೊಂಡು ಆಡುತ್ತಿದ್ದೇನೆ, ಟಿ-34-85ರಲ್ಲಿ ಟಂಗ್‌ಸ್ಟನ್ ಐದಕ್ಕಿಂತ ಹೆಚ್ಚು ಹಾಕುವುದಿಲ್ಲ. ನಿನ್ನೆ ರಾತ್ರಿ ಪಂದ್ಯ ಮುಗಿದಾಗ ಅದರಲ್ಲಿ ನಾಲ್ಕು ಹಾಗೇ ಉಳಿದಿದ್ದವು.